ಮಂಗಲಕ್ಕನ ಮನಶುದ್ಧಿ

ಏಕಸಂಬಿಯ ಬಸದಿ ಓಣ್ಯಾಗ ಮಂಗಲಕ್ಕ ಅಂದ್ರ ಸಾಮಾಯಿಕದ ಮಂಗಲಕ್ಕ. ನಸುಕಿನ್ಯಾಗ ಎದ್ದು, ಜಳಕಾ ಮಾಡಿ, ದೇವರ ಮನ್ಯಾಗ ಚಾಪಿ ಹಾಸಿ ಕಣ್ಣ ಮುಚ್ಚಿ ಧ್ಯಾನಕ್ಕ ಕುಂತಳಂದ್ರ ಎರಡು ಗಳಿಗಿ ಅಕಿ ಯಾರಿಗೂ ಸಿಗೂದಿಲ್ಲ. ಮನಿಗೆ ಕಳ್ಳರು ಬರಲಿ, ಬೀಗರು ಬರಲಿ, ಏಳೂದಿಲ್ಲ. ಗಂಡ ರಾವಸಾಹೇಬ ಮುಂಜಾನಿ ಚಾ ತಾನ ಕಾಸ್ಕೊಂಡು ಕುಡಿಯೂದು ಕಲ್ತು ಇಪ್ಪತ್ತು ವರ್ಷಾತು. ಹೊಸಾ ಸೊಸಿ ಮನಿಗೆ ಬಂದ್ರ ಅತ್ತಿಗೋಳು ಮಂಗಲಕ್ಕನ ಕಡೆ ಬಟ್ಟ ಮಾಡಿ, "ಕುಂತ್ರ ಅಕಿ ಕುಂತಂಗ ಕುಂದರಬೇಕು ನೋಡು" ಅಂತಿದ್ರು.

ಇಷ್ಟು ವರ್ಷ ಕುಂತು ನಿನಗ ಏನ ಸಿಕ್ಕಿತು ಅಂತ ಮಾತ್ರ ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದ ಚಲೋ ಆತು, ಯಾಕಂದ್ರ ಅಕಿಗೆ ಮೊಣಕಾಲ ಬ್ಯಾನಿ ಬಿಟ್ರ ಏನೂ ಸಿಕ್ಕಿರಲಿಲ್ಲ. ಕಣ್ಣ ಮುಚ್ಚಿದ ಕೂಡಲೆ ಹುರಿಯಾಕ ಇಟ್ಟ ಶೇಂಗಾ ನೆನಪಾಗತಿತ್ತು, ನಿಮ್ಮ ಹಾಲಿನ್ಯಾಗ ನೀರೈತಿ ಅಂತ ಡೈರಿಯವ ಹೇಳಿದ ಸುಳ್ಳ ನೆನಪಾಗತಿತ್ತು, ಜುಗೂಳದ ಅಣ್ಣ ಮಗಳ ಮದುವಿಗೆ ಕೊಟ್ಟ ಹಗರಾನ ಸೀರಿ ನೆನಪಾಗತಿತ್ತು. ಪ್ರವಚನದಾಗ ಹೇಳತಾರಲ್ಲ, ನಾನು ಅನ್ನೂದು ಕರಗಿ ಹೋಗತೈತಿ, ಆ ಕ್ಷಣ ಒಂದ ಉಳಿತೈತಿ ಅಂತ. ಮಂಗಲಕ್ಕನ ನಾನು ಕರಗಿದ್ದಿಲ್ಲ. ದಿನಾ ಅಕಿಗಿಂತ ಮೊದಲ ಬಂದು ಚಾಪಿ ಮ್ಯಾಲ ಕುಂತಬಿಡತಿತ್ತು. ಅಕಿಗೆ ಬಂಗಾರ ಬೇಕಾಗಿದ್ದಿಲ್ಲ, ಸೀರಿನೂ ಬೇಕಾಗಿದ್ದಿಲ್ಲ. ಸಾಯೂದರೊಳಗ ಒಂದ ಸಲ ಅದು ಬರಲಿ, ಒಂದ ಸಲ ಬಂದ್ರ ಸಾಕು ಅಂತ ಒಳಗಿಂದೊಳಗ ಹಂಬಲಿಸತಿದ್ದಳು.

ಅದು ಬಂತು. ಬಂದದ್ದು ಪೂನಮಗ.

ಪೂನಮ ಅಂದ್ರ ಮೈದುನ ಅಭಿನಂದನನ ಹೆಂಡತಿ, ನಿಪ್ಪಾಣಿಯಾಕಿ. ಒಂದ ಮನಿ, ಒಂದ ಒಲಿ. ಮನಸ ಚಲೋ, ಆದರ ನಾಲಗಿಗೆ ಬಿಡುವಿಲ್ಲ. ಫೋನ ಸ್ಪೀಕರಿಗೆ ಹಾಕಿ ಅವ್ವನ ಜೋಡಿ ಮರಾಠ್ಯಾಗ ಮಾತಾಡಕೋತ ರೊಟ್ಟಿ ಬಡದ್ರ ಓಣಿ ತುಂಬ ಅವರ ಮನಿ ಸುದ್ದಿ. ಗಡ್ಡಿ-ಗೆಣಸು ಬಿಟ್ಟೇನಿ ಅಂತ ವ್ರತಾ ಹಿಡದಿದ್ದಳು, ಖರೆ. ತವರಿಗೆ ಹೋದಾಗ ವಡಾಪಾವದ ಒಳಗ ಏನಿರತೈತಿ ಅನ್ನೂದು ಮಾತ್ರ ಅಕಿಗೆ ಗೊತ್ತಿರತಿದ್ದಿಲ್ಲ.

ಅದೂ ಹೋಗಲಿ, ನೀರಿನ ಮಾತು ಕೇಳ್ರಿ. ಅವರ ಮನಿ ಅಡಗಿಗೆಲ್ಲ ಹಿತ್ತಲ ಬಾವಿ ನೀರ ಆಗಬೇಕು. ನೀರು ಸೇದಿ, ದಪ್ಪ ಅರಬಿ ಎರಡು ಮಡಿಕಿ ಮಾಡಿ ಸೋಸಬೇಕು. ಅರಬ್ಯಾಗ ಉಳಿದ ಕಣ್ಣಿಗೆ ಕಾಣದ ಜೀವಗಳನ್ನ ಸೋಸಿದ ನೀರಿನಿಂದ ತೊಳದು, ಅವು ಬಂದ ಬಾವಿಗೇ ಹಿಂದ ಮುಟ್ಟಸಬೇಕು. ಅದಕ್ಕ ಜೀವಾಣಿ ಅಂತಾರ. ಮ್ಯಾಲಿಂದ ಸುರುವಿದ್ರ ಬಿದ್ದ ಪೆಟ್ಟಿಗೆ ಜೀವ ಸಾಯತಾವ ಅಂತ, ತಳಕ್ಕ ಕೊಂಡಿ ಇರೂ ಸಣ್ಣ ಬಕೇಟು ಬ್ಯಾರೇನ ಇಟ್ಟಿರತಾರ. ಹಗ್ಗಾ ಸಾವಕಾಶ ಬಿಡಕೋತ ಹೋಗಬೇಕು. ಬಕೇಟು ನೀರಿಗೆ ತಾಗಿದ್ದು ಕೈಗೆ ಗೊತ್ತಾಗಬೇಕು. ಆಗ ಒಂದ ಸಣ್ಣ ಜಗ್ಗು ಕೊಟ್ರ ಬಕೇಟು ಮಗ್ಗಲಾಗಿ, ನೀರಿಗೆ ನೀರು ಸಪ್ಪಳಿಲ್ಲದಂಗ ಕೂಡತೈತಿ. ಪೂನಮ ಇಷ್ಟೆಲ್ಲ ಪುರಾಣ ಯಾರ ಮಾಡಬೇಕು ಅಂತ ಕಟ್ಟಿ ಮ್ಯಾಲ ನಿಂತು ಗಪ್ಪನ ಸುರುವಿ ಒಳಗ ಬರತಿದ್ದಳು. ಇದರ ಸಲುವಾಗಿ ಮಂಗಲಕ್ಕ ಅಕಿಗೆ ಬೈದದ್ದು ಒಂದೆರಡ ಸಲ ಅಲ್ಲ.

ಈ ಮಳಿಗಾಲಕ್ಕ ಊರ ಬಸದಿಗೆ ಒಬ್ಬರು ಆರ್ಯಿಕಾ ಮಾತಾಜಿ, ಅಂದ್ರ ಜೈನ ಸನ್ಯಾಸಿನಿ, ಚಾತುರ್ಮಾಸಕ್ಕ ನಾಕ ತಿಂಗಳ ಉಳಿಯಾಕ ಬಂದ್ರು. ಬಿಳೇ ಸೀರಿ, ಕೈಯಾಗ ನವಿಲುಗರಿ ಪಿಂಛಿ, ಸಣ್ಣ ದನಿ. ಮಧ್ಯಾಹ್ನ ಹೆಂಗಸರನ್ನ ಕುಂದರಿಸಿ ಧ್ಯಾನ ಕಲಸಾಕ ಸುರು ಮಾಡಿದ್ರು. "ಏನೂ ಮಾಡಬ್ಯಾಡ್ರಿ," ಅಂತಿದ್ರು. "ಉಸಿರು ಒಳಗ ಬರತೈತಿ, ನೋಡ್ರಿ. ಹೊರಗ ಹೋಗತೈತಿ, ನೋಡ್ರಿ. ನಡುವ ನೀವು ಬರಬ್ಯಾಡ್ರಿ."

ಮಂಗಲಕ್ಕ ಮೊದಲನೇ ಸಾಲಿನ್ಯಾಗ, ಮಾತಾಜಿ ಎದರಿಗೇನ ಕುಂದರತಿದ್ದಳು. ಪೂನಮ ಆ ಕಡೆ ಹಾಯತಿದ್ದಿಲ್ಲ. ಒಂದಿನ ಕಾಗವಾಡದಿಂದ ಬೀಗರು ಬಂದ್ರು ಅಂತ ಮಂಗಲಕ್ಕನ್ನ ಕರಿಯಾಕ ಸ್ಕೂಟಿ ಹತ್ತಿ ಬಂದಳು. ಎಲ್ಲಾರೂ ಕಣ್ಣ ಮುಚ್ಚಿದ್ರು. ಹೆಂಗ ಕರೀಬೇಕು? ಗಂಟಿ ಬಾರಿಸೂತನ ಕಾಯೋಣು ಅಂತ ಬಾಗಲ ಬಾಜೂ ಕಂಬಕ್ಕ ಆತು ಕುಂತಳು. ಕುಂತಾಕಿ ಬ್ಯಾಸರಾತು ಅಂತ ತಾನೂ ಉಸಿರು ನೋಡಿದಳು.

ಗಂಟಿ ಆತು. ಎಲ್ಲಾರೂ ಎದ್ರು, ಪೂನಮ ಏಳಲಿಲ್ಲ. ಸ್ಕೂಟಿ ಕೀಲಿ ಮುಷ್ಟ್ಯಾಗ ಹಂಗ ಇತ್ತು. ಮಂಗಲಕ್ಕ ಹೆಗಲ ಅಲಗಾಡಸಾಕ ಕೈ ಚಾಚಿದಳು, ಮಾತಾಜಿ ಬ್ಯಾಡಂತ ಸನ್ನಿ ಮಾಡಿದ್ರು. ಹೆಂಗಸರು ಸುತ್ತ ನಿಂತು ನೋಡಾಕತ್ರು. ಭಾಳೊತ್ತಿನ ಮ್ಯಾಲ ಅಕಿ ಕಣ್ಣ ತೆರದು, ಕಂಬ ನೋಡಿ, ಮಂದಿ ನೋಡಿ, ತನ್ನ ಕೈ ನೋಡಕೊಂಡಳು.

"ಏನಾತವ್ವಾ?" ಅಂತ ಮಾತಾಜಿ ಕೇಳಿದ್ರು.

"ಗೊತ್ತಿಲ್ರಿ. ರಸ್ತಾದಾಗ ಟ್ರ್ಯಾಕ್ಟರ್ ಹಾಡು ಹಚ್ಚಕೊಂಡು ಹೋತು. ಹಾಡು ಇತ್ತು, ಕೇಳಾಕ ನಾ ಇದ್ದಿದ್ದಿಲ್ಲ. ಹೆದರಿಕಿ ಆಗಬೇಕಿತ್ತಲ್ರಿ, ಆಗಲಿಲ್ಲ. ಹೆದರಾಕರ ಯಾರಿದ್ರು?"

ಮಾತಾಜಿ ಪಿಂಛಿ ಎತ್ತಿ ಪೂನಮನ ತಲಿ ಮ್ಯಾಲ ಹಿಡದ್ರು. ಅದನ್ನ ನೋಡಿದ ಮಂಗಲಕ್ಕನ ಹೊಟ್ಟ್ಯಾಗ ಹಸೀ ಮೆಣಸಿನಕಾಯಿ ಅರದಂಗಾತು. ಇಪ್ಪತ್ತು ವರ್ಷ ಕುಂತಾಕಿ ನಾನು, ಕರಿಯಾಕ ಬಂದಾಕಿಗೆ ಸಿಗಬೇಕ? ಜೀವಾಣಿ ಗಪ್ಪನ ಸುರುವಾಕಿಗೆ? ವಡಾಪಾವ ತಿನ್ನಾಕಿಗೆ? ಮನ್ಯಾಗ ಬೀಗರು ಚಾ ಇಲ್ಲದ ಕುಂತು ಕುಂತು ಎದ್ದ ಹೋಗಿದ್ರು, ಅದರ ಕಡೆ ಇಬ್ಬರಿಗೂ ಧ್ಯಾಸ ಇರಲಿಲ್ಲ.

ಬಸದಿ ಮೆಟ್ಟಲ ಇಳಿಯೂವಾಗ ಮಂಗಲಕ್ಕ ಬಾಜೂ ಮನಿ ಕಾಜಲಗ ಹೇಳಿದಳು. ನಾಕ ಮಂದಿಗೆ ಕೇಳೂವಂಗನ ಹೇಳಿದಳು. "ಅದು ಧ್ಯಾನ ಅಲ್ಲ ತಗೋ ಬೇ, ನಿದ್ದಿ. ಮುಂಜಾನಿಂದ ಮೊಬೈಲ ನೋಡಿ ಕಣ್ಣ ದಣದಿರತಾವ, ತಂಪ ಹತ್ತಿದ ಕೂಡಲೆ ಎಳೀತಾವ." ಹಿಂದ ಬರಾಕತ್ತಿದ್ದ ಪೂನಮಗೂ ಅದು ಕೇಳಿತು. ಅಕಿ ಅಡ್ಡ ಉತ್ತರಾ ಕೊಡಲಿಲ್ಲ, ಅದಕ್ಕಂತೂ ಮಂಗಲಕ್ಕಗ ಇನ್ನೂ ಉರೀತು.

ಮಂದಿ ಯಾರರ ನಿದ್ದಿ ಅಂತ ನಂಬಿದ್ರ ಕೇಳ್ರಿ. ಡೈರ್ಯಾಗ ಹಾಲ ಹಾಕೂವಾಗ ಹೆಂಗಸರು ಪೂನಮನ್ನ ಮುಂದ ಬಿಡಾಕತ್ರು. ಕಾಜಲ ತನ್ನ ಅಳೂ ಕೂಸನ್ನ ತಂದು, "ಒಂದೀಟ ತಲಿ ಮ್ಯಾಲ ಕೈ ಇಡ್ರಿ ವೈನಿ" ಅಂದ್ಲು. ರಾವಸಾಹೇಬ ಒಬ್ಬವ ಉಳದಿದ್ದ, ಅವನೂ ಹೊತ್ತ ಮುಳುಗೂದರೊಳಗ ಊಟಕ್ಕ ಕುಂತಾಗ, "ಏನ ಅನ್ನ, ನಮ್ಮ ಪೂನಮ ಹಿಂದಿನ ಜನ್ಮದ್ದು ಏನೋ ತಂದಾಳ" ಅಂದ. ಅವತ್ತು ಅವನ ಗಂಗಾಳಕ್ಕ ಬಿದ್ದ ರೊಟ್ಟಿ ಒಂದ ಮಗ್ಗಲ ಕರ್ರಗ ಸುಟ್ಟಿತ್ತು. ಅವ ಎರಡೂ ಮಗ್ಗಲ ನೋಡಿ, ಹೆಂಡತಿ ಮಾರಿ ನೋಡಿ, ಸುಮ್ಮನ ತಿಂದ.

ಮರುದಿನದಿಂದ ಪೂನಮ ದಿನಾ ಬರಾಕತ್ಳು. ಹೆಂಗಸರು ಅಕಿನ್ನ ಹಿಂದ ಕುಂದರಾಕ ಬಿಡಲಿಲ್ಲ, ಮೊದಲನೇ ಸಾಲಿನ್ಯಾಗ ಮಂಗಲಕ್ಕನ ಮಗ್ಗಲಕ್ಕ ಜಾಗಾ ಮಾಡಿ ಕೊಟ್ರು. ಮಂಗಲಕ್ಕನ ಸಾಮಾಯಿಕ ಅಲ್ಲಿಗೆ ಮುಗೀತು. ಒಂದ ಕಣ್ಣ ಮುಚ್ಚಿ ಇನ್ನೊಂದು ಸೀಳ ತೆರದು ನೋಡತಿದ್ದಳು. ರೆಪ್ಪಿ ಅಲಗಿತೇನು? ಉಗುಳ ನುಂಗಿದ್ಲೇನು? ನೊಣಾ ಗಲ್ಲದ ಮ್ಯಾಲ ಕುಂತ್ರೂ ಸುಮ್ಮನದಾಳಲ್ಲ, ಖರೆ ಹೋಗ್ಯಾಳೇನು, ನಾಟಕ ಮಾಡಾಕತ್ತಾಳೇನು? ಉಸಿರು ನೋಡ್ರಿ ಅಂದಿದ್ರು ಮಾತಾಜಿ. ಮಂಗಲಕ್ಕ ನೋಡತಿದ್ದಳು, ಪೂನಮನ ಉಸಿರು. ಹಗಲೆಲ್ಲ ಅದ ಕೆಲಸ ಆಗಿ, ನಸುಕಿನ್ಯಾಗ ದೇವರ ಮನ್ಯಾಗ ಒಬ್ಬಾಕಿನ ಕುಂತಾಗೂ ಮುಚ್ಚಿದ ಕಣ್ಣಿನ್ಯಾಗ ಪೂನಮನ ಮಾರಿನ ಕಾಣಾಕತ್ತಿತು.

ಇದು ಹಿಂಗ ಆದ್ರ ತಾನು ಹುಚ್ಚಿ ಆಗತೀನಿ ಅಂತ ಅಕಿಗೇ ಅನಿಸಿತು. ಒಂದಿನ ಎಲ್ಲಾರೂ ಹೋದ ಮ್ಯಾಲ ಮಾತಾಜಿ ಹಂತೇಕ ಉಳದಳು. ಇಷ್ಟು ವರ್ಷಾತು, ನನಗ ಏನೂ ಬಂದಿಲ್ರಿ, ದಾರಿ ತೋರಸ್ರಿ ಅಂತ ಕಾಲ ಹಿಡಿಯೂದು ಅಂತ ಮನಿಂದನ ಮಾತು ಜೋಡಿಸಿಕೊಂಡು ಬಂದಿದ್ದಳು. ಮಾತಾಜಿ ತಾವ ಕೇಳಿದ್ರು. "ಮಂಗಲಾ, ನಿನ್ನದು ಹೆಂಗ ನಡದೈತಿ?"

ಆ ಹೊತ್ತಿಗೆ ಹೊರಗ ಮೆಟ್ಟಲ ಮ್ಯಾಲ ಯಾರೋ, "ಪೂನಮತಾಯಿ, ನಿಂದರ್ರಿ, ನಾನೂ ಬರತೀನಿ" ಅಂದದ್ದು ಕೇಳಿತು. ಮಂಗಲಕ್ಕನ ಬಾಯಾಗ ಜೋಡಿಸಿದ ಮಾತು ತಿರುವಿ ಬಿತ್ತು.

"ನಂದು ಭಾಳ ವರ್ಷದ ಹಿಂದನ ಆಗೇತ್ರಿ ಮಾತಾಜಿ. ನಾ ಮಂದಿ ಮುಂದ ಹೇಳಕೋತ ತಿರಗೂದಿಲ್ಲ, ಅಷ್ಟ."

"ಹೌದಾ," ಅಂದ್ರು ಮಾತಾಜಿ. "ಒಳ್ಳೇದಾತು."

ಅಷ್ಟ ಅಂದ್ರು. ಮನಿ ಹಾದಿಗುಂಟ ಮಂಗಲಕ್ಕ ತನ್ನ ಬಾಯಿಗೆ ತಾನ ಬೈಕೋತ ಬಂದಳು. ಆಗೇತಿ ಅಂದಾಕಿ ಇನ್ನ ಏನಂತ ಕೇಳಬೇಕು? ಕೇಳೂದೊಂದ ಬಾಗಲಿತ್ತು, ಅದನ್ನೂ ತನ್ನ ಕೈಲೆ ಮುಚ್ಚಿ ಅಗಳಿ ಹಾಕಿಕೊಂಡಿದ್ದಳು.

ಹತ್ತ ದಿನದ ದಶಲಕ್ಷಣ ಪರ್ವ ಸುರು ಆತು. ಮಾತಾಜಿ ಉಣ್ಣೂದು ದಿನಕ್ಕ ಒಂದ ಸಲ, ಅದೂ ಎಲ್ಲಿ ಅಂತ ಮೊದಲ ಹೇಳೂದಿಲ್ಲ. ಓಣ್ಯಾಗ ಹೊಂದಿಕಿ ಇದ್ದವರೆಲ್ಲ ಮಡಿಲೆ ಅಡಗಿ ಮಾಡಿ, ಗಂಡಾ ಹೆಂಡತಿ ಕಳಶಾ ಹಿಡದು ಬಾಗಲಕ್ಕ ನಿಂದರತಾರ. ಮಾತಾಜಿ ಮನಸಿನ್ಯಾಗ ಏನ ಗುರತ ಹಿಡದಿರತಾರೋ, ಅದು ಕಂಡ ಮನಿ ಮುಂದ ನಿಂದರತಾರ. ಒಂದಿನ ಮಾತಾಜಿ ಕಾಜಲನ ಮನಿ ದಾಟಿ ಬಂದು ರಾವಸಾಹೇಬನ ಬಾಗಲ ಮುಂದ ನಿಂತಬಿಟ್ರು.

"ವಂದಾಮಿ ಮಾತಾಜಿ, ವಂದಾಮಿ," ಅಂತ ರಾವಸಾಹೇಬ ತಡವರಿಸಿದ. ಮೂರು ಸುತ್ತ ಹಾಕಿ ಒಳಗ ಕರಕೊಂಡು ಬಂದ್ರು. ಪಾದಾ ತೊಳದ್ರು, ಕಟಗಿ ಪಾಟಿನ ಮ್ಯಾಲ ಕುಂದರಿಸಿದ್ರು. ಓಣಿ ಮಂದಿ ಪಡಸಾಲಿ ತುಂಬ ನೆರದ್ರು. ಮಾತಾಜಿ ತಾಟಿನ್ಯಾಗ ಉಣ್ಣೂದಿಲ್ಲ, ಬೊಗಸ್ಯಾಗ ಹಾಕಿದ್ದನ್ನ ಉಣ್ಣತಾರ. ಹಾಕೂ ಪ್ರತಿಯೊಬ್ಬರೂ ಮೊದಲ ಒಂದ ಮಾತು ಹೇಳಬೇಕು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ-ಜಲ ಶುದ್ಧಿ ಐತಿ ಅಂತ. ನನ್ನ ಮನಸು, ಮಾತು, ಮೈ, ಈ ಅನ್ನಾ ನೀರು ಎಲ್ಲಾ ಚೊಕ್ಕ ಅದಾವ ಅಂತ ಆಣಿ ಇಟ್ಟಂಗ. ಅದನ್ನ ಹೇಳದಿದ್ರ ಅವರು ಕೈಯಾಗ ತಗೋಳೂದಿಲ್ಲ.

ರಾವಸಾಹೇಬ ಹೇಳಿದ. ಮನಿಗೆ ಹಿರೇ ಸೊಸಿ ಅಂತ ಮೊದಲಿನ ನೀರು ಹಾಕೂದು ಮಂಗಲಕ್ಕನ ಪಾಳಿ. ಹಿತ್ತಾಳಿ ಗಿಂಡಿ ಹಿಡದು ಮುಂದ ಬಂದಳು. ಮಗ್ಗಲಕ್ಕ ಪೂನಮ ಹಾಲ ಹಿಡದು ನಿಂತಿದ್ದಳು. ಎಷ್ಟೋ ಮುನಿಗೋಳಿಗೆ, ಎಷ್ಟೋ ಮಾತಾಜಿಗೋಳಿಗೆ ಪಟಪಟ ಹೇಳಿದ ಮಾತದು. ಮಂಗಲಕ್ಕ ಬಾಯಿ ತೆರದಳು. ಮನಶುದ್ಧಿ ಅನ್ನೂದು ಹೊರಗ ಬರಲಿಲ್ಲ.

ಮಾತಾಜಿಯ ಬೊಗಸಿ ಮುಂದ ಬರಿದ ಇತ್ತು. ನಿನ್ನೆ ಉಂಡಾಗಿಂದ ಆ ಬೊಗಸ್ಯಾಗ ಒಂದ ಹನಿ ನೀರು ಬಿದ್ದಿಲ್ಲ. ಮನಸು ಚೊಕ್ಕ ಐತಿ ಅಂದ್ರ ಈ ಹೆಣ್ಣಮಗಳ ಕೈಯಾಗ ಸುಳ್ಳ ಹಾಕಿದಂಗ. ಅನ್ನದಿದ್ರ ಓಣಿ ಮುಂದ ಮಾನ ಹೋದಂಗ. ರಾವಸಾಹೇಬ ಕೆಮ್ಮಿದ. ಹಿಂದ ಯಾರೋ ಪಿಸಿಪಿಸಿ ಅಂದ್ರು. ವಚನಶುದ್ಧಿಯಿಂದರ ಸುರು ಮಾಡೋಣು ಅಂದ್ರ ಬಸದ್ಯಾಗ ಹೇಳಿದ ಸುಳ್ಳ ಎದ್ದ ಬಂದು ಅಡ್ಡ ನಿಂತಿತು.

"ಕಾಯಶುದ್ಧಿ, ಆಹಾರ-ಜಲ ಶುದ್ಧಿ ಐತ್ರಿ ಮಾತಾಜಿ," ಅಂದ್ಲು ಮಂಗಲಕ್ಕ. "ಉಳಿದ ಎರಡು ನನ್ನ ಹಂತೇಕ ಇಲ್ರಿ. ನೀರು ಪೂನಮ ಕೊಡತಾಳ."

ಗಿಂಡಿ ಪೂನಮನ ಕೈಯಾಗ ಇಟ್ಟು, ಯಾರ ಮಾರಿನೂ ನೋಡದ ಅಡಗಿ ಮನಿ ದಾಟಿ ಹಿತ್ತಲಕ್ಕ ಹೋದಳು. ಹಿಂದ ಪೂನಮ ಮನಶುದ್ಧಿ ಅಂತ ಹೇಳೂದು ಕೇಳಿತು. ಓಣಿಗೆಲ್ಲ ಕೇಳೂ ದನಿ ಅಕಿದು, ಅವತ್ತು ಎಲ್ಲೋ ಬಾವಿ ತಳದಿಂದ ಬಂದಂಗ ಬಂತು.

ಹಿತ್ತಲದಾಗ ಮಂಗಲಕ್ಕ ಅತ್ತಳು. ನಾಚಿಕಿಗೆ ಅತ್ತಳು, ಹೊಟ್ಟಿಕಿಚ್ಚಿಗೂ ಅತ್ತಳು. ಇಕಾ, ಕಡೀಗೆ ಮೊದಲನೇ ನೀರೂ ಅಕಿ ಕೈಲೇನ ಹೋತು. ಕೊಟ್ಟಾಕಿ ಯಾರು? ನಾನ. ಸೆರಗಿನಿಂದ ಮಾರಿ ಒರಸ್ಕೊಂಡು ನೋಡಿದ್ರ ಬಾವಿ ಕಟ್ಟಿ ಮ್ಯಾಲ ಜೀವಾಣಿ ಹಂಗ ಉಳದಿತ್ತು. ಮುಂಜಾನಿ ಗದ್ದಲದಾಗ ಯಾರೂ ಬಿಟ್ಟಿರಲಿಲ್ಲ. ಬಿಸಲ ಬೀಳಾಕತ್ತಿತ್ತು, ನೀರು ಕಾದ್ರ ಒಳಗಿನ ಜೀವ ಉಳಿಯೂದಿಲ್ಲ. ಅಕಿ ಕೊಂಡಿ ಬಕೇಟಿಗೆ ಅದನ್ನ ಹಾಕಿ ಹಗ್ಗಾ ಬಿಡಾಕ ಸುರು ಮಾಡಿದಳು.

ಮೊದಲ ಹಗ್ಗದ ಜೋಡಿ ಓಣಿ ಮಂದಿ ಎಲ್ಲಾ ಇಳದ್ರು. ಕಾಜಲ ಏನಂತಾಳ, ಗಂಡ ಏನಂತಾನ, ಜುಗೂಳದಾಗ ಅಣ್ಣಗ ಗೊತ್ತಾದ್ರ ಏನಂತಾನ. ಮಳಿಗಾಲದ ಬಾವಿ, ನೀರು ಎಷ್ಟು ಮ್ಯಾಲ ಬಂದೈತಿ ತಿಳಿಯೂದಿಲ್ಲ, ಕೈ ಎಚ್ಚರ ಇರಬೇಕು. ಹಗ್ಗಾ ಹಸೀ ಇತ್ತು, ಒರಟ ಇತ್ತು. ಅಂಗೈಗೆ ತಿಕ್ಕಕೋತ ಒಂದೊಂದ ಗೇಣ ಹೋಗತಿತ್ತು. ರಾಟಿ ಕಿರ್ ಅಂತಿತ್ತು. ಕೆಳಗ ಬಕೇಟಿನ ನೆರಳು ಸಣ್ಣದಾಗತಿತ್ತು. ಗಿಡದಾಗ ಒಂದ ಹಕ್ಕಿ ಕೂಗಿತು. ಹಗ್ಗಾ ಇಳಿಯಾಕತ್ತಿತ್ತು.

ಹಗ್ಗಾ ಇಳಿಯಾಕತ್ತಿತ್ತು, ಅಷ್ಟ. ಬಿಡಾಕಿ ಇದ್ದಿದ್ದಿಲ್ಲ. ಕಿರ್ ಅನ್ನೂದು ಇತ್ತು, ಹಕ್ಕಿ ಕೂಗು ಇತ್ತು, ಬಿಸಲು ಇತ್ತು, ಒಳಗಿಂದ ಬಂದ ಗಂಗಾಳದ ಸಪ್ಪಳ ಇತ್ತು. ಬಕೇಟು ನೀರಿಗೆ ತಾಗಿತು, ಒಂದ ಸಣ್ಣ ಜಗ್ಗು ಆತು, ನೀರಿಗೆ ನೀರು ಕೂಡಿತು. ಪೂನಮ ಅನ್ನೂ ಹೆಸರು ಎಲ್ಲೂ ಇರಲಿಲ್ಲ, ಮಂಗಲಾ ಅನ್ನೂದೂ ಇರಲಿಲ್ಲ. ಇಲ್ಲ ಅಂತ ಗುರತ ಹಿಡಿಯಾಕೂ ಯಾರೂ ಇರಲಿಲ್ಲ.

"ಅಕ್ಕಾ. ಅಕ್ಕಾ, ಎಷ್ಟೊತ್ತಿಂದ ಕರಿಯಾಕತ್ತೀನ್ರಿ."

ಪೂನಮ ಮಗ್ಗಲಕ್ಕ ನಿಂತಿದ್ದಳು. ಮಂಗಲಕ್ಕಗ ಮೊದಲ ಅಕಿ ಕಂಡ್ಲು, ಆಮ್ಯಾಲ ಕೈ, ಕೈಯಾಗಿನ ಹಗ್ಗಾ. ನೆರಳು ಕಟ್ಟಿ ಬಿಟ್ಟು ಸರದಿತ್ತು.

"ಮಾತಾಜಿ ಉಂಡು ಹೋಗ್ಯಾರ್ರಿ," ಅಂದ್ಲು ಪೂನಮ. "ಉಣ್ಣೂದಕ್ಕ ಏನೂ ಅಂತರಾಯ ಆಗಲಿಲ್ಲ. ಹೋಗೂವಾಗ ನಿಮ್ಮನ್ನ ಎಲ್ಲಿ ಅಂತ ಸನ್ನಿ ಮಾಡಿ ಕೇಳಿದ್ರು. ಈ ಬಾಗಲದಾಗ ನಿಂತು ನೋಡಿದ್ರು. ಎಬ್ಬಸಬ್ಯಾಡಂತ ಕೈ ಮಾಡಿ ಹೋದ್ರು." ಅಂದಾಕಿ ಅಲ್ಲೇ ಕಟ್ಟಿ ಮ್ಯಾಲ ಕುಂತಬಿಟ್ಳು. "ನಾ ಮನಶುದ್ಧಿ ಅಂದದ್ದು ಸುಳ್ಳ ಅಕ್ಕಾ. ಅವತ್ತ ಒಂದಿನ ಬಂದದ್ದು, ಮತ್ತ ಬಂದಿಲ್ಲ. ದಿನಾ ಕುಂದರತೀನಿ, ಬರವಲ್ದು. ಎಲ್ಲಾರೂ ನೋಡತಾರ, ಏಳಾಕ ಅಂಜಿಕಿ. ನೊಣಾ ಕುಂತ್ರೂ ಹಲ್ಲ ಕಚ್ಚಿ ಕುಂದರತೀನಿ."

ಪೂನಮ ಮಂಗಲಕ್ಕನ ಮಾರಿ ಕಡೆ ತಲಿ ಎತ್ತಿದಳು.

"ನಿಮಗ ಬಂತಲ್ರಿ ಈಗ?"

ಆ ನೋಟ ಮಂಗಲಕ್ಕಗ ಚಂದಂಗೆ ಗೊತ್ತಿತ್ತು. ಮಳಿಗಾಲೆಲ್ಲ ಅದನ್ನ ತನ್ನ ಕಣ್ಣಿನ್ಯಾಗ ಇಟಕೊಂಡು ತಿರಗ್ಯಾಡಿದ್ದಳು. ಯಾರರ ಒಬ್ಬರು ತನ್ನನ್ನ ಹಿಂಗ ನೋಡಲಿ ಅಂತ ಆಸೆ ಪಟ್ಟಿದ್ದಳು, ಸುಳ್ಳ ಹೇಳಿದ್ದಳು. ಈಗ ನೋಡಾಕತ್ತಾಳ, ಅದೂ ಸ್ವತಾ ಪೂನಮ ನೋಡಾಕತ್ತಾಳ, ಆದರ ಅದರಾಗ ರುಚಿ ಸಿಗಲಿಲ್ಲ.

"ನಿದ್ದಿ ಹತ್ತಿತ್ತು," ಅಂದ್ಲು.

"ನಿಂತಾಗ? ಹಗ್ಗಾ ಹಿಡಕೊಂಡು?"

"ಹೂಂ. ನಿನಗ ಅವತ್ತು ಕಂಬಕ್ಕ ಆತು ಕುಂತಾಗ ಹತ್ತಿತ್ತಲ್ಲ, ಅಂಥಾದ ನಿದ್ದಿ."

ಪೂನಮ ಎದ್ದು ಕಣ್ಣ ಒರಸ್ಕೊಂಡು, ಬಾವ್ಯಾಗ ಬಗ್ಗಿ ಬಕೇಟು ನೋಡಿದಳು.

"ನಾಳಿಂದ ಜೀವಾಣಿ ನಾ ಬಿಡ್ಲೇನ್ರಿ ಅಕ್ಕಾ? ಸಾವಕಾಶ ಬಿಡತೀನಿ."

ಮಂಗಲಕ್ಕಗ ಇದೊಂದರ ನನಗ ಇರಲಿ ಅನಿಸಿತು. ಬಕೇಟು ಜಗ್ಗಿ ಮ್ಯಾಲ ತಗದು, ಹಗ್ಗಾ ಪೂನಮನ ಕೈಯಾಗ ಕೊಟ್ಲು.